ಫಕ್ಕೀರಪ್ಪನವರ ಮನೆಯ ಹಾರ ಹಾಕಿದ ಫೋಟೊ

ಮೊದಲೇ ಹೇಳಿಬಿಡುತ್ತೇನೆ, ಇದನ್ನು ನಾನು ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ. ಯಾರ ಮೇಲೆ ಸಿಟ್ಟು ಎಂದು ಕೇಳಿದರೆ ಪಟ್ಟಿ ಉದ್ದವಿದೆ. ನಮ್ಮ ಸಮಿತಿಯ ಅಧ್ಯಕ್ಷರು ಅದರಲ್ಲಿದ್ದಾರೆ. ತಂಬೂರು ಎಂಬ ಊರಿನ ಫಕ್ಕೀರಪ್ಪನವರು ಇದ್ದಾರೆ. ಎದ್ದು ನಿಲ್ಲಿ ಎಂದ ಕೂಡಲೇ ಯಾಕೆಂದು ಕೇಳದೆ ಎದ್ದು ನಿಲ್ಲುವ ಕಲಘಟಗಿಯ ಸಮಸ್ತ ಸಭಿಕರೂ ಇದ್ದಾರೆ. ಪಟ್ಟಿಯ ಮೊದಲನೆಯ ಹೆಸರು ಯಾರದು ಎಂಬುದು ಓದುತ್ತ ಹೋದಂತೆ ನಿಮಗೇ ತಿಳಿಯುತ್ತದೆ.

ನಾನು ಸರ್ವೇ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಹೊಲ ಅಳೆದು ನಿವೃತ್ತನಾದವನು. ಆ ಕೆಲಸ ಒಂದು ಪಾಠ ಕಲಿಸುತ್ತದೆ. ಯಾರನ್ನೂ ಏನನ್ನೂ ಕೇಳಬಾರದು! ಕೇಳಿದರೆ ಈ ಕಡೆಯವನು ಬದು ಅಲ್ಲಿತ್ತು ಎನ್ನುತ್ತಾನೆ, ಆ ಕಡೆಯವನು ಇಲ್ಲಿತ್ತು ಎನ್ನುತ್ತಾನೆ, ಇಬ್ಬರೂ ಒಂದೇ ದೇವರ ಮೇಲೆ ಆಣೆ ಇಡುತ್ತಾರೆ. ನಾವು ಮಾತ್ರ ಕಣ್ಣಿನಿಂದ ನೋಡಬೇಕು, ಅಳೆಯಬೇಕು, ಬರೆದುಕೊಂಡು ಎದ್ದು ಬರಬೇಕು. ನನ್ನ ಕಣ್ಣು ಒಂದು ಗುಂಟೆಯನ್ನೂ ತಪ್ಪಿದ್ದಿಲ್ಲ ಎಂದು ಇಲಾಖೆಯಲ್ಲಿ ಹೆಸರಿತ್ತು. ಆ ಹೆಸರನ್ನು ಹಬ್ಬಿಸಿದವನು ಬಹುಮಟ್ಟಿಗೆ ನಾನೇ.

ಹೀಗಿರುವಾಗ ನಮ್ಮ ಓಣಿಯ ಗೆಳೆಯರೆಲ್ಲ ಸೇರಿ ಒಂದು ಸಮಿತಿ ಮಾಡಿದರು. ತಾಲೂಕಿನ ಹಾಡುಗಾರರನ್ನೂ ಆಟದವರನ್ನೂ ಮಾತನಾಡಿಸಿ, ಅವರ ಕಲಾಜೀವನದ ಬಗ್ಗೆ ಒಂದು ಪುಸ್ತಕ ತರಬೇಕೆಂಬುದು ಯೋಜನೆ. ಅಕ್ಕಿ ಗಿರಣಿಯ ಮಾಲೀಕರಾದ ಅಧ್ಯಕ್ಷರು ನನ್ನ ಮನೆಗೇ ಬಂದರು.

"ಸಾಹೇಬ್ರ, ನಿಮ್ಮ ಕಣ್ಣು ಭಾಳ ಚುರುಕು. ಅಕ್ಷರಾನೂ ಮುತ್ತಿನಂಗ ಅದಾವು. ಈ ಬುಕ್ಕ ನೀವ ಬರೀಬೇಕ್ರಿ" ಎಂದರು.

ನಾನು ಸ್ವಲ್ಪ ಬೇಡವೆಂದಂತೆ ಮಾಡಿ ಒಪ್ಪಿಕೊಂಡೆ. ಅವರು ಹೋದ ಮೇಲೆ ನನ್ನ ಹೆಂಡತಿ ಚಹಾದ ಕಪ್ಪು ಬಸಿ ಎತ್ತುತ್ತ ಕೇಳಿದಳು, "ಬರಿಯೂದಿರ್ಲಿ, ಮಂದಿ ಜೋಡಿ ಕುಂತು ಮಾತಾಡಾಕ ಬರ್ತೈತೇನ್ರಿ ನಿಮಗ?"

"ಮಾತಾಡೂದೇನೈತಿ ಅದರಾಗ? ನೋಡಿದ್ರ ಸಾಕು, ನನಗ ಎಲ್ಲಾ ತಿಳೀತೈತಿ."

"ಹಾಡು ನೋಡೂದಲ್ರಿ, ಕೇಳೂದು" ಎಂದು ಒಳಗೆ ಹೋದಳು. ಹೆಂಗಸರಿಗೆ ಸಂಶೋಧನೆಯ ಗಾಂಭೀರ್ಯ ತಿಳಿಯುವುದಿಲ್ಲ ಎಂದುಕೊಂಡೆ.

ಇಪ್ಪತ್ತೊಂದು ಪ್ರಶ್ನೆಗಳ ಒಂದು ಪಟ್ಟಿಯನ್ನು ಟೈಪು ಮಾಡಿಸಿದೆ. ಮೊದಲು ಹಿಡಿದದ್ದು ಕಾಡಂಚಿನ ಹಳ್ಳಿಯ ಒಬ್ಬ ಭಜನಾ ಹಾಡುಗಾರರನ್ನು. ಗಂಟಲು ಸರಿಮಾಡಿಕೊಂಡು ಒಂದನೆಯ ಪ್ರಶ್ನೆ ಓದಿದೆ. "ನಿಮ್ಮ ಕಲಾಜೀವನಕ್ಕೆ ಸ್ಫೂರ್ತಿ ಯಾರು?"

ಅವರು ಅರ್ಧ ನಿಮಿಷ ಯೋಚಿಸಿ, "ಹಂದಿರಿ" ಎಂದರು.

"ಏನಂದ್ರಿ?"

"ಕಾಡಹಂದಿರಿ. ಸಣ್ಣಾವಿದ್ದಾಗ ಭತ್ತಾ ಕಾಯಾಕ ಹೊಲದಾಗ ಅಟ್ಟದ ಮ್ಯಾಲೆ ಕುಂದರಸತಿದ್ರು. ಹಂದಿ ಬಂದಾವು ಅಂತ ಹೆದರಿ ಒಂದ ಸವನ ಒದರತಿದ್ದೆ. ಒದರಿ ಒದರಿ ದನಿ ಬಂತ್ ನೋಡ್ರಿ."

ಇದನ್ನು ಪುಸ್ತಕದಲ್ಲಿ ಹಾಕಲು ಬರುತ್ತದೆಯೇ? 'ನಿಸರ್ಗವೇ ಇವರ ಗುರು' ಎಂದು ಬರೆದುಕೊಂಡು ಎದ್ದೆ. ಆಗಲೇ ನನಗೆ ಬುದ್ಧಿ ಬರಬೇಕಿತ್ತು. ಬರಲಿಲ್ಲ.

ಮುಂದಿನ ಸರದಿ ತಂಬೂರಿನ ಫಕ್ಕೀರಪ್ಪನವರದು. ನಲವತ್ತು ವರ್ಷ ಸಣ್ಣಾಟದಲ್ಲಿ ಹೆಣ್ಣು ಪಾರ್ಟು ಮಾಡಿ ಹೆಸರಾದವರು. ಸಣ್ಣಾಟವೆಂದರೆ ನಮ್ಮ ಕಡೆಯ ಹಾಡು-ಮಾತಿನ ಆಟ, ಹಳೆಯ ಮೇಳಗಳಲ್ಲಿ ಹೆಣ್ಣಿನ ವೇಷವನ್ನೂ ಗಂಡಸರೇ ಕಟ್ಟುತ್ತಿದ್ದರು. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಆದದ್ದು ಈ ಅನಾಹುತ.

ಬಾಗಿಲಲ್ಲಿ ನಿಂತಿದ್ದವರು ಎಪ್ಪತ್ತು ದಾಟಿದ ಭಾರಿ ಆಳು. ಅಗಲವಾದ ಭುಜ, ಕಿವಿಯ ತನಕ ತಿರುವಿದ ಬಿಳಿ ಮೀಸೆ. ಒಳಗೆ ಹೋಗಿ ಕಂಬಳಿಯ ಮೇಲೆ ಕುಳಿತೆ. ಎದುರಿನ ಗೋಡೆಯ ಮೇಲೆ ಒಂದು ಫೋಟೊ. ಇಪ್ಪತ್ತೈದರ ಸುಂದರಿ, ಇಳಕಲ್ ಸೀರೆ, ಮೂಗಿನಲ್ಲಿ ನತ್ತು, ಸೆರಗಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದ ನಾಚಿಕೆ. ಗಾಜಿನ ಮೇಲೆ ವಿಭೂತಿ, ಕೆಳಗೆ ದೀಪ, ಚೌಕಟ್ಟಿಗೆ ಹಾರ. ಫಕ್ಕೀರಪ್ಪನವರು ಅದನ್ನೊಮ್ಮೆ ನೋಡಿ ದೊಡ್ಡ ಉಸಿರು ಬಿಟ್ಟರು.

ನನ್ನ ಚುರುಕು ಕಣ್ಣು ಮೂರು ಸೆಕೆಂಡಿನಲ್ಲಿ ಎಲ್ಲವನ್ನೂ ಅಳೆದುಬಿಟ್ಟಿತು. ಹೆಂಡತಿ! ಚಿಕ್ಕ ವಯಸ್ಸಿನಲ್ಲೇ ಹೋಗಿದ್ದಾಳೆ! ಪಾಪ, ಮುದುಕ ಇನ್ನೂ ಮರೆತಿಲ್ಲ!

ಕೇಳಿದರೆ ಗಾಯ ಕೆದಕಿದಂತಾಗುತ್ತದೆ ಎಂದು ಕೇಳಲಿಲ್ಲ. ಸದ್ದಿಲ್ಲದೆ ಮೊಬೈಲು ತೆಗೆದು ಆ ಫೋಟೊದ ಫೋಟೊ ಹೊಡೆದುಕೊಂಡೆ. ಫಕ್ಕೀರಪ್ಪನವರು ಸಂತೋಷದಿಂದ ದೀಪವನ್ನು ಆಚೆ ಸರಿಸಿಕೊಟ್ಟರು. ಆ ಸಂತೋಷವನ್ನೂ ನಾನು ದುಃಖವೆಂದೇ ಬರೆದುಕೊಂಡೆ.

ಅಷ್ಟರಲ್ಲಿ ಒಬ್ಬ ಮುದುಕಿ ಚಹಾ ತಂದಿಟ್ಟಿತು. ಅಕ್ಕನೋ ತಂಗಿಯೋ ಬಾಜೂ ಮನೆಯವಳೋ, ಯಾರೋ ಇರಬೇಕು ಎಂದುಕೊಂಡೆ. ಚಹಾ ಚೆನ್ನಾಗಿತ್ತು.

ಮೂರು ಸಲ ಹೋದೆ. ಮೂರೂ ಸಲ ಚಹಾ ಬಂತು, ಮೂರೂ ಸಲ ಅದೇ ಮುದುಕಿ. ಅವಳಿಂದ ನನಗಾದ ಕಿರಿಕಿರಿ ಮಾತ್ರ ಅಷ್ಟಿಷ್ಟಲ್ಲ. ಫಕ್ಕೀರಪ್ಪನವರು ಆಟದ ಹಾಡು ಹೇಳುತ್ತಿದ್ದರೆ ನಾನು ಮೊಬೈಲಿನಲ್ಲಿ ರೆಕಾರ್ಡು ಮಾಡುತ್ತಿದ್ದೆ. ಎರಡು ನುಡಿ ಆದ ಮೇಲೆ ಅವರು ತಡವರಿಸುವುದು, ಒಳಗಿನಿಂದ ಮುಂದಿನ ನುಡಿ ಬರುವುದು! ಅದೂ ಅವರಿಗಿಂತ ಅರ್ಧ ಸ್ವರ ಮೇಲಿನ ಶ್ರುತಿಯಲ್ಲಿ, ಒಗ್ಗರಣೆಯ ಸದ್ದಿನ ಜೊತೆಗೆ.

ಮೂರನೆಯ ದಿನ ನನ್ನ ತಾಳ್ಮೆ ತೀರಿತು. "ಯವ್ವಾ, ಸ್ವಲ್ಪ ಸುಮ್ಮನಿರ್ತೀಯೇನು? ಇಲ್ಲೆ ರೆಕಾರ್ಡ್ ನಡದೈತಿ!" ಎಂದು ಗದರಿಸಿದೆ.

ಒಳಗೆ ಸದ್ದು ನಿಂತಿತು. ಫಕ್ಕೀರಪ್ಪನವರ ಹಾಡೂ ನಿಂತಿತು. "ಮುಂದಿಂದು ಅಕಿಗೇ ಗೊತ್ತರಿ" ಎಂದು ಅವರು ತಲೆ ಕೆರೆದುಕೊಂಡರು. ನಾನು ಅವರಿಗೆ ವಯಸ್ಸಾಯಿತು ಎಂದು ಬರೆದುಕೊಂಡೆ.

ಹೊರಡುವಾಗ ಆ ಮುದುಕಿ ಬಾಗಿಲಿಗೆ ಬಂದು, "ಸಾಹೇಬ್ರ, ಏನ ಬರದೀರಿ ಒಂದೀಟು ಓದಿ ತೋರಸ್ರೆಲ" ಎಂದಳು. ಬುಕ್ಕು ಬಂದ ಮೇಲೆ ಎಲ್ಲರೂ ನೋಡೂಣು ಎಂದು ಹೇಳಿ ಬಸ್ಸು ಹಿಡಿದೆ. ಮನೆಯಲ್ಲಿ ನನ್ನ ಹೆಂಡತಿಯೂ ಅದನ್ನೇ ಕೇಳಿದಳು, ಅವರಿಗೊಮ್ಮೆ ತೋರಿಸಿ ಬಂದಿರಾ ಎಂದು. ಕಚೇರಿಯ ಮೊಹರು ಬೀಳುವ ಮೊದಲು ನಕಾಶೆಯನ್ನು ಹೊಲದವನಿಗೆ ತೋರಿಸುವ ಪದ್ಧತಿ ಎಲ್ಲಿಯೂ ಇಲ್ಲವೆಂದು ಅವಳ ಬಾಯಿ ಮುಚ್ಚಿಸಿದೆ.

ಆಮೇಲೆ ಬರೆಯಲು ಕುಳಿತೆ ನೋಡಿ! ಅಷ್ಟು ಒಳ್ಳೆಯ ಕನ್ನಡವನ್ನು ನಾನು ಜನ್ಮದಲ್ಲಿ ಬರೆದಿರಲಿಲ್ಲ. 'ಬಾಳಸಂಗಾತಿಯ ಅಕಾಲಿಕ ವಿಯೋಗದ ಹಾಲಾಹಲವನ್ನು ನುಂಗಿ, ಆ ವಿರಹವನ್ನೇ ರಂಗಭೂಮಿಯ ಮೇಲೆ ರಸಗಂಗೆಯಾಗಿ ಹರಿಸಿದ ಧೀಮಂತ...' ಹೀಗೆ ಒಂದೂವರೆ ಪುಟ. ಬರೆಯುತ್ತ ನನಗೇ ಕಣ್ಣಲ್ಲಿ ನೀರು ಬಂತು. ಹದಿನಾಲ್ಕನೆಯ ಪುಟದಲ್ಲಿ ಆ ಫೋಟೊವನ್ನು ದೊಡ್ಡದಾಗಿ ಹಾಕಿಸಿ, ಕೆಳಗೆ 'ಕಲಾವಿದರ ದಿವಂಗತ ಧರ್ಮಪತ್ನಿ' ಎಂದು ಅಚ್ಚು ಹಾಕಿಸಿದೆ.

ಬಿಡುಗಡೆಯ ದಿನ ಬಂತು. ಕಲಘಟಗಿಯ ಸಮುದಾಯ ಭವನದಲ್ಲಿ ಬೆಳಗಿನ ಹನ್ನೊಂದಕ್ಕೆ ಕಾರ್ಯಕ್ರಮ. ತಂಬೂರಿನಿಂದ ಒಂದು ಟ್ರ್ಯಾಕ್ಟರ್ ತುಂಬ ಜನ ಬಂದಿದ್ದರು. ಫಕ್ಕೀರಪ್ಪನವರು ರುಮಾಲು ಸುತ್ತಿಕೊಂಡು ವೇದಿಕೆಯ ಮೇಲೆ ನನ್ನ ಪಕ್ಕದಲ್ಲೇ ಕುಳಿತಿದ್ದರು. ಕೆಳಗೆ ಮೊದಲನೆಯ ಸಾಲಿನಲ್ಲಿ ಹಸಿರು ಸೀರೆ ಉಟ್ಟು, ತಲೆಗೆ ಹೂ ಮುಡಿದು ಆ ಮುದುಕಿಯೂ ಕುಳಿತಿತ್ತು. ಚಹಾ ಕೊಡುವವಳಿಗೆ ಮೊದಲನೆಯ ಸಾಲು ಯಾಕೆ ಎಂದು ನನಗೆ ಸ್ವಲ್ಪ ಸಿಟ್ಟೂ ಬಂತು.

ಅಧ್ಯಕ್ಷರು ಮೈಕಿನ ಮುಂದೆ ನಿಂತು ನನ್ನ ಒಂದೂವರೆ ಪುಟವನ್ನು ಗಟ್ಟಿಯಾಗಿ ಓದಿದರು. ಸಭೆಯಲ್ಲಿ ಗಾಢ ಮೌನ. ಜನರ ಮನಸ್ಸು ಕಲಕಿದೆ ಎಂದುಕೊಂಡೆ. ನಿಜಸಂಗತಿ ಬೇರೆಯಿತ್ತು. ನನ್ನ ಕನ್ನಡ ಎಷ್ಟು ಎತ್ತರದಲ್ಲಿತ್ತೆಂದರೆ ಯಾರು ಸತ್ತಿದ್ದಾರೆಂಬುದು ಸ್ವತಃ ಗಂಡನಿಗೂ ತಿಳಿದಿರಲಿಲ್ಲ!

ಅಷ್ಟಕ್ಕೇ ಮುಗಿಸಿದ್ದರೆ ಹೇಗೋ ಪಾರಾಗುತ್ತಿದ್ದೆ. ಆದರೆ ಅಧ್ಯಕ್ಷರು ತಮ್ಮ ಓದಿಗೆ ತಾವೇ ಮರುಳಾದರು. "ಆ ಮಹಾತಾಯಿ ಆತ್ಮಕ್ಕ ಶಾಂತಿ ಸಿಗಲಿ ಅಂತ ಎಲ್ಲಾರೂ ಎರಡು ನಿಮಿಷ ಎದ್ದು ನಿಂದರೂಣು" ಎಂದುಬಿಟ್ಟರು. ಇದು ಕಾರ್ಯಕ್ರಮದ ಪಟ್ಟಿಯಲ್ಲಿ ಇರಲಿಲ್ಲ, ಆಣೆ ಮಾಡಿ ಹೇಳುತ್ತೇನೆ.

ಎಲ್ಲರೂ ಎದ್ದರು. ಫಕ್ಕೀರಪ್ಪನವರು ರುಮಾಲು ಕೈಯಲ್ಲಿ ಹಿಡಿದು ತಲೆ ತಗ್ಗಿಸಿ ನಿಂತರು. ಮೊದಲನೆಯ ಸಾಲಿನ ಮುದುಕಿಯೂ ಎದ್ದು, ಸೆರಗು ಹೊದ್ದು, ಭಕ್ತಿಯಿಂದ ಕೈ ಮುಗಿಯಿತು. ಒಂದು ನಿಮಿಷ ಆಗಿರಬಹುದು. ಆ ಮುದುಕಿ ಪಕ್ಕದ ಹುಡುಗಿಯ ಕಿವಿಯಲ್ಲಿ ಕೇಳಿದ್ದು ಆ ಮೌನದಲ್ಲಿ ಇಡೀ ಭವನಕ್ಕೆ ಕೇಳಿಸಿತು.

"ಯಾರು ಸತ್ತಾರ ಬೇ?"

ಹುಡುಗಿ ಪುಸ್ತಕದ ಹದಿನಾಲ್ಕನೆಯ ಪುಟ ತೆರೆದು ನೋಡಿತು. ಇನ್ನೊಮ್ಮೆ ನೋಡಿತು.

"ಯವ್ವಾ... ನೀನ ಅಂತ!"

ಆಮೇಲೆ ಪುಸ್ತಕ ಕೈಯಿಂದ ಕೈಗೆ ಹಾರತೊಡಗಿತು. ತಂಬೂರಿನ ಗಂಡಸರು ಫೋಟೊ ನೋಡಿದ್ದೇ ತಡ, ಹೊಟ್ಟೆ ಹಿಡಿದುಕೊಂಡು ಕುಳಿತುಬಿಟ್ಟರು. ಹಿಂದಿನಿಂದ ಒಬ್ಬ ಸಿಳ್ಳೆ ಹೊಡೆದ. "ಲೇ, ಇದು ನಮ್ಮ ಫಕ್ಕೀರಪ್ಪಜ್ಜಲೇ!"

ನಾನು ಪಕ್ಕಕ್ಕೆ ತಿರುಗಿದೆ. ಫಕ್ಕೀರಪ್ಪನವರು ಮೀಸೆ ಸವರುತ್ತ ಮೆಲ್ಲಗೆ ಹೇಳಿದರು, "ಹೌದ್ರಿ, ಅದು ನಾನರಿ. ಹೆಣ್ಣು ಪಾರ್ಟಿನ್ಯಾಗಿಂದು."

"ಮತ್ತ ಹಾರ?" ಎಂದೆ.

"ಖಂಡೇಪೂಜಿಗೆ ಹಾಕೀವ್ರಿ. ಒಕ್ಕಲಿಗರು ಕೂರಗಿ ಕುಂಟಿಗೆ ಪೂಜಿ ಮಾಡೂದಿಲ್ಲೇನ್ರಿ? ನಾವು ಆಟದವರು ಗೆಜ್ಜಿಗೆ, ವೇಷಕ್ಕ ಮಾಡ್ತೀವಿ. ನಮ್ಮ ಹೊಟ್ಟಿಗೆ ಹಾಕಿದ ವೇಷ ಅಲ್ರಿ ಅದು?"

ಇದನ್ನು ಕೇಳಿ ನನ್ನ ಮೇಲೆ ನನಗೇ ಬಂದ ಸಿಟ್ಟನ್ನು ಹೇಗೆ ಹೇಳಲಿ? ಮೂವತ್ತೊಂದು ವರ್ಷ ಪ್ರತಿ ಮಹಾನವಮಿಯ ಖಂಡೇಪೂಜೆಗೆ, ಅಂದರೆ ಆಯುಧಪೂಜೆಗೆ, ನನ್ನ ಅಳತೆಯ ಸರಪಳಿಗೆ ನಾನೇ ವಿಭೂತಿ ಹಚ್ಚಿ ಹಾರ ಹಾಕಿದ್ದೇನೆ. ಆ ಸರಪಳಿ ತೀರಿಕೊಂಡಿದೆ ಎಂದು ಯಾರೂ ಎರಡು ನಿಮಿಷ ಎದ್ದು ನಿಂತಿರಲಿಲ್ಲ!

ಆ ಹೊತ್ತಿಗೆ ಮೊದಲನೆಯ ಸಾಲಿನಿಂದ ಹಸಿರು ಸೀರೆ ಮೆಟ್ಟಿಲು ಹತ್ತುತ್ತಿತ್ತು. ಅಧ್ಯಕ್ಷರು ಮೈಕು ಬಿಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿದರು. ಅವರು ಹಾಗೆ ಸರಿದದ್ದನ್ನು ನಾನು ಇಂದಿಗೂ ಕ್ಷಮಿಸಿಲ್ಲ. ಅಲ್ಲಿಯ ತನಕ ನನ್ನನ್ನು ಸಾಹೇಬ್ರ ಎನ್ನುತ್ತಿದ್ದ ಆ ತಾಯಿ ಒಂದೇ ಸಲಕ್ಕೆ ಏಕವಚನಕ್ಕೆ ಇಳಿದರು.

"ಮೂರು ಸಲ ಬಂದಿ. ಮೂರು ಸಲ ಚಾ ಕುಡದಿ. ಆ ಚಾ ಯಾರ ಕೊಟ್ರು? ದೆವ್ವ ಕೊಡ್ತೇನು?"

ಸಭೆ ನಕ್ಕಿತು. ಅವರು ನಗಲಿಲ್ಲ. ಪುಸ್ತಕವನ್ನು ನನ್ನ ಮುಖದ ಹತ್ತಿರ ಹಿಡಿದು ಆ ಫೋಟೊದ ಮೇಲೆ ಬೆರಳಿಟ್ಟರು.

"ಈ ಸೀರಿ ನೋಡು. ನನ್ನ ಮದವಿ ಸೀರಿ. ಈ ನತ್ತು ನಂದು. ಈ ಸೆರಗು ಹಿಡಿಯೂದೈತೆಲ್ಲ, ಅದೂ ನಂದು. ಇಂವ ಮದಲ ಹೆಂಗ ಅಳತಿದ್ದ ಗೊತ್ತೇನು? ಎತ್ತು ಒದರಿದಂಗ ಒದರತಿದ್ದ. ತಲಿಮ್ಯಾಲೆ ಕೊಡಾ ಹೊರಿಸಿ ಹಿತ್ತಲದಾಗ ನಡಿಗಿ ಕಲಿಸೀನಿ. ಸಾಲಿ ಕಟ್ಟಿ ಹತ್ತಿಲ್ಲ ಇಂವ, ಆಟದ ಬುಕ್ಕ ಓದಿ ಓದಿ ಬಾಯಿಪಾಠ ಮಾಡಿಸೀನಿ. ನನಗ ಮಾತ್ರ ಸ್ಟೇಜ್ ಹತ್ತಾಕ ಬಿಡಲಿಲ್ಲ. ಮನಿ ಹೆಣಮಕ್ಕಳು ಆಟದಾಗ ನಿಂದರಬಾರದಂತ! ಇಂವ ನನ್ನಂಗ ನಡದು, ನನ್ನಂಗ ಅತ್ತು, ನನ್ನ ಸೀರಿ ಉಟಗೊಂಡು ಹೆಸರು ಮಾಡಿದ. ಇವತ್ತ ಮದಲನೇ ಸಲ ನಾ ಸ್ಟೇಜ್ ಹತ್ತೀನಿ. ಅದೂ ಸತ್ತ ಮ್ಯಾಲೆ!"

ಈ ಸಲ ಯಾರೂ ನಗಲಿಲ್ಲ. ಅವರು ನನ್ನ ಕಡೆಗೆ ಇನ್ನೊಂದು ಹೆಜ್ಜೆ ಇಟ್ಟರು.

"ಹಾಡಿದ್ರ ಸುಮ್ಮನಿರು ಅಂದಿ. ಇರ್ಲಿ. ಸತ್ತಾಳ ಅಂತ ಬರದಿ. ಅದೂ ಇರ್ಲಿ. ಸತ್ತಾಕಿ ಹೆಸರೇನು, ಹೇಳು ನೋಡೂಣು."

ಒಂದೂವರೆ ಪುಟ ಬರೆದಿದ್ದೆ. ಹಾಲಾಹಲ ಇತ್ತು, ರಸಗಂಗೆ ಇತ್ತು. ಹೆಸರು ಇರಲಿಲ್ಲ. ನನ್ನ ಇಪ್ಪತ್ತೊಂದು ಪ್ರಶ್ನೆಗಳಲ್ಲಿ ಅಂಥದೊಂದು ಪ್ರಶ್ನೆಯೇ ಇರಲಿಲ್ಲ. ಕಡೆಗೆ ಹಿಂದಿನಿಂದ ತಂಬೂರಿನ ಹೆಣ್ಣುಮಕ್ಕಳೆಲ್ಲ ಒಟ್ಟಿಗೆ ಕೂಗಿದರು, "ನೀಲವ್ವ!"

"ಕೇಳಿಸ್ತೇನು ಈಗ?" ಎಂದು ನೀಲವ್ವನವರು ಮೆಟ್ಟಿಲಿಳಿದು ನೇರವಾಗಿ ಬಸ್ ನಿಲ್ದಾಣದ ಕಡೆಗೆ ನಡೆದರು. ಹಿಂದೆ ಫಕ್ಕೀರಪ್ಪನವರು ಹೆಗಲ ಮೇಲಿನ ಸನ್ಮಾನದ ಶಾಲು ನೆಲಕ್ಕೆ ಎಳೆಯುತ್ತಿದ್ದರೂ ಗಮನಿಸದೆ ಓಡಿದರು.

ಮನೆಗೆ ಬಂದು ಎಲ್ಲರನ್ನೂ ಬೈದೆ. ಫಕ್ಕೀರಪ್ಪನವರು ಮೊದಲೇ ಯಾಕೆ ಹೇಳಲಿಲ್ಲ? ಅಧ್ಯಕ್ಷರಿಗೆ ಮೌನಾಚರಣೆಯ ಚಟ ಯಾಕೆ? ನನ್ನ ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡು, "ನೀವ್ಯಾಕ ಕೇಳಲಿಲ್ಲ?" ಎಂದಳು. ಅಂದಹಾಗೆ ನನ್ನ ಹೆಂಡತಿಯ ಹೆಸರು ಸುವರ್ಣಾ. ಇಷ್ಟು ಹೊತ್ತು ಬರೆದಿರಲಿಲ್ಲ ನೋಡಿ, ಈಗ ಬರೆದೆ.

ಮುನ್ನೂರು ಪ್ರತಿಗಳು ಅಚ್ಚಾಗಿದ್ದವು. ಹಂಚಿದ್ದನ್ನೆಲ್ಲ ಮನೆಮನೆಗೆ ಹೋಗಿ ವಾಪಸು ತಂದೆ. ತಪ್ಪು ಮಾಡಿದ ಸರ್ಕಾರಿ ನೌಕರನಿಗೆ ಗೊತ್ತಿರುವ ಪ್ರಾಯಶ್ಚಿತ್ತ ಒಂದೇ, ತಿದ್ದುಪಡಿ! ಅಂಗೈಯಗಲದ ಚೀಟಿ ಅಚ್ಚು ಹಾಕಿಸಿದೆ. 'ಪುಟ ಹದಿನಾಲ್ಕರಲ್ಲಿ ದಿವಂಗತರೆಂದು ನಮೂದಾದ ಶ್ರೀಮತಿ ನೀಲವ್ವನವರು ಜೀವಂತವಾಗಿರುತ್ತಾರೆಂದೂ, ಸದರಿ ಪುಟದ ಭಾವಚಿತ್ರದಲ್ಲಿರುವವರು ಅವರ ಪತಿಯೇ ಆಗಿರುತ್ತಾರೆಂದೂ ಓದಿಕೊಳ್ಳತಕ್ಕದ್ದು.'

ಚೀಟಿಗಳ ಕಟ್ಟು, ಪುಸ್ತಕಗಳ ಗಂಟು, ಒಂದು ಡಬ್ಬಿ ಅಂಟು ಹಿಡಿದು ತಂಬೂರಿಗೆ ಹೋದೆ. ಸುವರ್ಣಾ ತಾನೂ ಬರುತ್ತೇನೆಂದು ಹಟ ಹಿಡಿದಳು. ನನ್ನನ್ನು ಕಾಪಾಡಲು ಎಂದುಕೊಂಡೆ. ಅವಳು ಹೋಗಿ ನೀಲವ್ವನವರ ಬಾಜೂ ಕುಳಿತಳು.

ನೀಲವ್ವನವರು ಚೀಟಿಯನ್ನು ಬೆಳಕಿಗೆ ಹಿಡಿದು ಅಕ್ಷರ ಅಕ್ಷರವಾಗಿ ಓದಿದರು. ಓದಿ ನನ್ನ ಕೈಗೇ ವಾಪಸು ಕೊಟ್ಟರು.

"ಜೀವಂತ ಅದಾಳ ಅಂತ ಬರದೀರಿ. ಅದು ಊರಿಗೆಲ್ಲ ಗೊತ್ತೈತ್ರಿ. ಕಟ್ಟೀಮ್ಯಾಲಿನ ನಾಯಿಗೂ ಗೊತ್ತೈತಿ. ನಾ ಏನ್ ಮಾಡೀನಿ ಅಂತ ಎಲ್ಲೆ ಬರದೀರಿ?"

ಮತ್ತೆ ಬಹುವಚನಕ್ಕೆ ಏರಿದ್ದರು. ಅದು ಏಕವಚನಕ್ಕಿಂತ ಹೆಚ್ಚು ಚುಚ್ಚಿತು. ನಾನು ಪ್ರಶ್ನೆಗಳ ಪಟ್ಟಿಯನ್ನು ಹರಿದು ಹಾಕಿ, "ಹೇಳ್ರಿ ನೀಲವ್ವಾರ, ಬರಕೋತೀನಿ" ಎಂದೆ.

ಅವರು ಹೇಳಿದರು. ಆಟ ನಡೆದಾಗ ತಾವು ಎದುರು ಮನೆಯ ಮಾಳಿಗೆಯ ಮೇಲೆ ಹೆಂಗಸರ ನಡುವೆ ಕುಳಿತಿರುತ್ತಿದ್ದರಂತೆ. ಅಳುವ ಜಾಗ ಬಂದಾಗ ಎದ್ದು ಸೆರಗು ಕೊಡವುತ್ತಿದ್ದರಂತೆ. ಅದನ್ನು ನೋಡಿ ಫಕ್ಕೀರಪ್ಪನವರು ಅಳಲು ಶುರುಮಾಡುತ್ತಿದ್ದರಂತೆ. "ಒಮ್ಮೆ ಸೊಳ್ಳಿ ಕಡೀತು ಅಂತ ಕೊಡವಿದೆರಿ. ಇಂವ ಮದವಿ ಸೀನಿನ್ಯಾಗ ಅತ್ತಬಿಟ್ಟ!" ಎಂದರು. ಫಕ್ಕೀರಪ್ಪನವರು ಹೌದೆಂದು ತಲೆಯಾಡಿಸಿದರು. ಮೂರನೆಯ ದಿನ ನಾನು ನಿಲ್ಲಿಸಿದ ಹಾಡನ್ನು ನೀಲವ್ವನವರು ಮೊದಲಿನಿಂದ ಕಡೆಯ ತನಕ ಹಾಡಿದರು. ಒಂದು ನುಡಿಯೂ ತಪ್ಪಲಿಲ್ಲ. ಅಂಥ ದನಿಗೆ ಸುಮ್ಮನಿರು ಎಂದಿದ್ದೆನಲ್ಲ, ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಎಲ್ಲ ಸೇರಿ ಒಂದು ತುಂಬು ಪುಟವಾಯಿತು. ಅದನ್ನು ಅಚ್ಚು ಹಾಕಿಸಿಕೊಂಡು ಮರುವಾರ ಮತ್ತೆ ಹೋದೆವು. ಈಗ ಹೊಸ ತೊಡಕು. ಅಷ್ಟು ದೊಡ್ಡ ಹಾಳೆಯನ್ನು ಪುಸ್ತಕದಲ್ಲಿ ಎಲ್ಲಿ ಅಂಟಿಸುವುದು? ಹದಿನಾಲ್ಕನೆಯ ಪುಟದ ಫೋಟೊ ಮುಚ್ಚಲು ನೀಲವ್ವನವರು ಒಪ್ಪಲಿಲ್ಲ, ತಮ್ಮ ಸೀರೆ ಕಾಣಬೇಕಂತೆ. ಬೇರೆ ಕಲಾವಿದರ ಪುಟ ಮುಚ್ಚುವುದು ಅನ್ಯಾಯ. ಅವರು ಪುಸ್ತಕ ತೆಗೆದುಕೊಂಡು ಒಂದೊಂದೇ ಹಾಳೆ ತಿರುವುತ್ತ ಹೋದರು. ಕಡೆಯ ಪುಟದಲ್ಲಿ ಬೆರಳು ನಿಂತಿತು. ಕೋಟು ಹಾಕಿದ ಒಂದು ಫೋಟೊ, ಸುತ್ತಲೂ ಸಣ್ಣ ಅಕ್ಷರದ ಬರಹ.

"ಇದ್ಯಾರು?"

"ನಾನ್ರಿ. ಲೇಖಕರ ಪರಿಚಯ."

ಅವರು ಕನ್ನಡಕ ಸರಿಮಾಡಿಕೊಂಡು ಇಡೀ ಪುಟವನ್ನು ಪ್ರಾಮಾಣಿಕವಾಗಿ ಓದಿದರು.

"ಇದರಾಗ ಏನೂ ಇಲ್ಲ ಬಿಡ್ರಿ. ಇದರ ಮ್ಯಾಲೆ ಹಚ್ಚರಿ."

ಮುನ್ನೂರು ಪ್ರತಿಗಳಲ್ಲಿ ನನ್ನ ಮುಖದ ಮೇಲೆ ನಾನೇ ಅಂಟು ಬಳಿದೆ. ಸುವರ್ಣಾ ಪಕ್ಕದಲ್ಲಿ ಕುಳಿತು ಬಹಳ ಹುರುಪಿನಿಂದ ಒಂದೊಂದೇ ಹಾಳೆ ಎತ್ತಿ ಕೊಡುತ್ತಿದ್ದಳು. "ಅಂಚಿಗೆ ಸರಿಯಾಗಿ ಒತ್ತರಿ, ನಿಮ್ಮ ಕಿವಿ ಕಾಣಸಾಕತ್ತೈತಿ" ಎಂದಳು. ಉಪಯೋಗಕ್ಕೆ ಬಂದ ಕಿವಿಯೇನೂ ಅಲ್ಲ ಅದು. ಒತ್ತಿ ಮುಚ್ಚಿದೆ.